ತೆರೆದ ಬಾಗಿಲಿಗೆ ಬರೆದ ಬೀಗ

ಸಭೆಯ ಅಧ್ಯಕ್ಷರಾದ ನಂಜುಂಡಪ್ಪನವರೇ, ಮುಖ್ಯ ಅತಿಥಿಯಾಗಿ ಬಂದಿರುವ ಕುಮಾರಿ ಅಂಬುಜಾ ಅವರೇ, ರಾಜಾಜಿನಗರದ ನಮ್ಮ ಮಹಿಳಾ ಸಮಾಜದ ಅಕ್ಕತಂಗಿಯರೇ, ಹೊಸಹಳ್ಳಿಯ ತಾಯಂದಿರೇ, ಮುಂದೆ ಚಾಪೆಯ ಮೇಲೆ ಕೂತು ಆಗಲೇ ಉಪ್ಪಿಟ್ಟಿನ ವಾಸನೆ ಹಿಡಿದಿರುವ ನಮ್ಮ ಬಾಲವಾಡಿಯ ಪುಟಾಣಿ ಸಭಿಕರೇ,

ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಇಟ್ಟುಕೊಳ್ಳುವಾಗ ಮೂರು ಗೆರೆಯ ಬದಲು ನಾಲ್ಕು ಎಳೆದುಬಿಟ್ಟೆ. ಹೆದರಿಕೆಯಿಂದಲ್ಲ, ಸಂತೋಷದಿಂದ. ನಾನು ಓದಿದ್ದು ನಮ್ಮೂರ ಗುಡಿಯ ಜಗಲಿಯ ಮೇಲೆ, ನಾಲ್ಕನೇ ಕ್ಲಾಸಿನವರೆಗೆ. ಅಂಥವಳಿಗೆ ಶಾಲು ಹೊದಿಸಿದಿರಿ, ಮಾನಪತ್ರ ಓದಿದಿರಿ. ಆಹ್ವಾನ ಪತ್ರಿಕೆಯಲ್ಲೂ ಮಾನಪತ್ರದಲ್ಲೂ ‘ಶ್ರೀಮತಿ’ ಎಂದು ಹಾಕಿ ಅದರ ಮುಂದೆ ನಮ್ಮ ಯಜಮಾನರ ಹೆಸರು ಅಚ್ಚು ಮಾಡಿಸಿದ್ದೀರಿ. ಅದನ್ನು ನಾನು ಬಾಯಲ್ಲಿ ಹೇಳುವ ಹಾಗಿಲ್ಲ, ನೀವೇ ಓದಿಕೊಳ್ಳಬೇಕು. ನಗುತ್ತೀರಾ? ಇಲ್ಲಿರುವ ಹೆಂಗಸರಲ್ಲಿ ಗಂಡನ ಹೆಸರು ಹೇಳುವವರು ಎಷ್ಟು ಜನ, ಕೈ ಎತ್ತಿ ನೋಡೋಣ. ನೋಡಿ, ಒಂದು ಕೈಯೂ ಇಲ್ಲ! ಅವರೂ ಈ ದಿನ ಬರಬೇಕಾಗಿತ್ತು. ಕೆಲಸದ ಮೇಲೆ ಹೊರಗಡೆ ಹೋಗಿದ್ದಾರೆ.

ಇರಲಿ. ಈ ಬಾಲವಾಡಿ ಹೇಗೆ ಬಂತು ಎಂದು ಹೇಳಬೇಕು. ಹೇಗೆ ಬಾರದೆ ಹೋಗುವುದರಲ್ಲಿತ್ತು ಎಂಬುದನ್ನೂ ಹೇಳಬೇಕು. ಅದು ನನ್ನದೇ ತಪ್ಪಿನ ಕಥೆ.

ಎರಡು ವರ್ಷದ ಹಿಂದೆ, ಎಪ್ಪತ್ತಮೂರರ ಬೇಸಿಗೆ. ಐದು ವರ್ಷದೊಳಗಿನ ನಲವತ್ತು ಮಕ್ಕಳಿರುವ ಕಡೆ ಸರ್ಕಾರದವರು ಬಾಲವಾಡಿ ಕೊಡುತ್ತಾರೆ, ಹಾಲು ಕೊಡುತ್ತಾರೆ ಎಂದು ಸುದ್ದಿ ಬಂತು. ಮಕ್ಕಳನ್ನು ಎಣಿಸಲು ಅಂಬುಜಾ ಒಂದು ಅಚ್ಚು ಹಾಕಿದ ನಮೂನೆ ತಂದರು. ಆಗ ಸಮಾಜಶಾಸ್ತ್ರ ಓದುತ್ತಿದ್ದ ಹುಡುಗಿ, ಎರಡು ಜಡೆ. ಮನೆಗೊಂದು ಹಾಳೆ. ಮೊದಲ ಸಾಲಿನಲ್ಲಿ, ಮನೆಯಲ್ಲಿ ವಾಸವಿರುವ ಯಜಮಾನರ ಹೆಸರು. ಆಮೇಲೆ ಅವರ ಹೆಂಡತಿ, ಅವರ ಮಕ್ಕಳು. ಮೂರು ಸಲ ಹೋದರೂ ಯಜಮಾನರು ಸಿಗದಿದ್ದರೆ ‘ಬೀಗ’ ಎಂದು ಬರೆದು ರುಜು ಹಾಕಬೇಕು. ಇದೇನು ದೊಡ್ಡ ವಿದ್ಯೆ ಅಂದುಕೊಂಡೆ. ಪೆನ್ನು ಹಿಡಿದು ಹೊಸಹಳ್ಳಿಗೆ ಇಳಿದೆ.

ಚಿಕ್ಕಲಕ್ಷ್ಮಮ್ಮ ಎಲ್ಲಿದ್ದೀಯವ್ವಾ? ಅಲ್ಲಿ, ಕಂಬದ ಹಿಂದೆ ಬಚ್ಚಿಟ್ಟುಕೊಂಡಿದ್ದಾಳೆ ನೋಡಿ! ಅವಳ ಮನೆಗೆ ಹೋದೆ. ವಿಜಯನಗರದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಮನೆಗಳಿಗೆ ಇಟ್ಟಿಗೆ ಹೊರುವವಳು. ಕೊರಳಲ್ಲಿ ತಾಳಿ, ಹಣೆಯಲ್ಲಿ ಕುಂಕುಮ. ಒಳಗೆ ಕಂಬಕ್ಕೆ ಹಳೆಯ ಸೀರೆಯ ಅಂಚು ಕಟ್ಟಿದೆ. ಅದರ ಇನ್ನೊಂದು ತುದಿ ಎರಡು ವರ್ಷದ ಮಗುವಿನ ಸೊಂಟಕ್ಕೆ.

“ಇದೇನೇ ಇದು?” ಅಂದೆ.

“ಇನ್ನೇನ್ ಮಾಡ್ಲಮ್ಮ? ಬಿಚ್ಚಿಬಿಟ್ರೆ ಸೀದಾ ಬಾವಿ ತಾವ್ಕೆ ಹೋಯ್ತದೆ. ನಾನ್ ಬರೋವರ್ಗೂ ಹಿಂಗೇ ಇರ್ತದೆ. ಇಸ್ಕೂಲ್ ಬತ್ತದಂತಲ್ಲ, ಬೇಗ ಬರ್ಲಿ.”

“ಬರುತ್ತೆ, ಬರುತ್ತೆ. ಯಜಮಾನರೆಲ್ಲಿ?”

“ಹೊರಗಡೆ ಹೋಗವ್ರೆ.”

ಹೊರಗೆ ನೀರೂ ಮುಟ್ಟದವಳು ನಾನು. ಆ ಬಿಸಿಲಿಗೆ ಅವಳು ಕೊಟ್ಟ ಮಜ್ಜಿಗೆ ಕುಡಿದೆ. ಶಿವ ಏನೂ ಅನ್ನಲಿಲ್ಲ. ಎರಡನೇ ಸಲ ಹೋದೆ, “ಹೊರಗಡೆ ಹೋಗವ್ರೆ.” ಮೂರನೇ ಸಲವೂ ಅದೇ ಮಾತು. ಪಕ್ಕದ ಮನೆಯ ಮುನಿತಾಯಮ್ಮಜ್ಜಿ ಜಗಲಿಯಿಂದಲೇ ಕೂಗಿದಳು: “ಅವ್ನು ಹೋಗಿ ಎಲ್ಡು ವರ್ಸ ಆಯ್ತು ಕಣವ್ವಾ! ನೀನೂ ದಿನಾ ಬಂದು ಅದ್ನೇ ಕೇಳ್ತೀಯಲ್ಲ, ನಿಂಗೇನು ಅವ್ನು ಸಾಲ ಕೊಡ್ಬೇಕಾ?” ಚಿಕ್ಕಲಕ್ಷ್ಮಮ್ಮ ಮಾತ್ರ ಬಾಗಿಲ ಚಿಲಕವನ್ನೇ ನೋಡುತ್ತಾ ನಿಂತಿದ್ದಳು. ‘ಹೊರಗಡೆ ಹೋಗಿದ್ದಾರೆ’ ಎನ್ನುವಾಗ ಯಾರ ಮುಖವನ್ನೂ ನೋಡಲಾಗುವುದಿಲ್ಲ, ಚಿಲಕವನ್ನೇ ನೋಡಬೇಕು. ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ.

ಆಮೇಲೆ ನಾನು ಏನು ಮಾಡಿದೆ? ತೆರೆದ ಬಾಗಿಲ ಮುಂದೆ, ಅವಳ ಮಜ್ಜಿಗೆ ಹೊಟ್ಟೆಯಲ್ಲಿಟ್ಟುಕೊಂಡು, ಮಗು ನನ್ನ ಸೆರಗು ಎಳೆಯುತ್ತಿರುವಾಗಲೇ, ಹಾಳೆಯ ಮೇಲೆ ‘ಬೀಗ’ ಎಂದು ಬರೆದೆ. ರುಜು ಹಾಕಿದೆ. ಅಂಥ ಒಂಬತ್ತು ಮನೆಗೆ ಬರೆದೆ.

ಎಣಿಕೆ ಬಂತು, ಮೂವತ್ತೊಂದು ಮಕ್ಕಳು. ಬಾಲವಾಡಿ ಬೇರೆ ಕಡೆಗೆ ಹೋಗುತ್ತದೆ ಎಂದರು. ಮರುದಿನವೇ ಚಿಕ್ಕಲಕ್ಷ್ಮಮ್ಮ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಯ ಮೆಟ್ಟಿಲಿಗೆ ಬಂದಳು. “ನನ್ ಮಗಾನ ಎಣಿಸ್ನಿಲ್ವಂತೆ? ನೀವು ಮೂರ್ ಕಿತ ಬಂದು ಕಣ್ಣಾರೆ ನೋಡಿದ್ರಲ್ಲಮ್ಮ!” ಅಂದಳು.

ಅವಳನ್ನು ಕರೆದುಕೊಂಡೇ ಅಂಬುಜಾ ಹತ್ತಿರ ಓಡಿದೆ. ಹಾಳೆಯಲ್ಲಿರುವುದನ್ನು ರಟ್ಟಿನ ಕಾರ್ಡಿಗೆ ತೂತು ಹೊಡೆದು ಹಾಕಿದರೆ ಎಣಿಸುವ ಯಂತ್ರ ಅವರು ಓದುತ್ತಿದ್ದ ಸಂಸ್ಥೆಯಲ್ಲಿತ್ತು. ಯಜಮಾನರ ಜಾಗದಲ್ಲಿ ತೂತಿಲ್ಲದ ಕಾರ್ಡನ್ನು ಅದು ಪಕ್ಕಕ್ಕೆ ತಳ್ಳಿಬಿಡುತ್ತದಂತೆ. ಯಂತ್ರಕ್ಕೆ ಕಣ್ಣಿಲ್ಲ, ಸರಿ. ನನಗೆ ಎರಡು ಕಣ್ಣಿತ್ತಲ್ಲ?

ಆಗ ಅಂಬುಜಾ ಹೇಳಿದ ಮಾತು ಕೇಳಿ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. “ನಮ್ಮ ತಲೆಯೊಳಗೇ ಒಂದು ನಮೂನೆ ಇರುತ್ತೆ ಅಮ್ಮ. ಮನಶ್ಶಾಸ್ತ್ರದವರು ಅದನ್ನ ಸ್ಕೀಮಾ ಅಂತಾರೆ. ಮನೆ ಅಂದ ತಕ್ಷಣ ಗಂಡ, ಹೆಂಡತಿ, ಮಕ್ಕಳು ಅಂತ ಅದು ಮೊದಲೇ ಗೆರೆ ಹಾಕಿಟ್ಟಿರುತ್ತೆ. ಕಂಡದ್ದು ಆ ಗೆರೆಯೊಳಗೆ ಕೂರದಿದ್ದರೆ ಕಣ್ಣು ನೋಡಿದ್ರೂ ಮನಸ್ಸು ನೋಡಲ್ಲ. ನನ್ನ ತಲೆಯೊಳಗಿದ್ದ ಗೆರೆಯನ್ನೇ ನಾನು ಹಾಳೆ ಮೇಲೆ ಅಚ್ಚು ಹಾಕಿಸಿದೆ. ಯಂತ್ರಕ್ಕೂ ಅದನ್ನೇ ಕಲಿಸಿದೆ.”

ಎಂಥ ಮಾತು! ಐವತ್ತು ವರ್ಷದಿಂದ ಈ ತಲೆ ಹೊತ್ತುಕೊಂಡು ತಿರುಗುತ್ತಿದ್ದೇನೆ, ಒಳಗೆ ಇಂಥದೊಂದು ಸಾಮಾನಿದೆ ಎಂದು ಯಾರೂ ಹೇಳಿರಲಿಲ್ಲ! ನಾನಂದೆ, “ತಾಯಿ, ಇದು ರಂಗೋಲಿ ಚುಕ್ಕಿ. ಚುಕ್ಕಿ ಇಟ್ಟ ಹಾಗೆ ತಾನೆ ಎಳೆ ಓಡುವುದು? ನಮ್ಮ ಬಾಗಿಲಿಗೆ ಹನ್ನೊಂದು ಚುಕ್ಕಿ ಸರಿ. ಇವಳ ಬಾಗಿಲಿಗೆ ಐದೇ ಹಿಡಿಸುವುದು. ಹಾಗಂತ ಅವಳ ಬಾಗಿಲು ಒಡೆಯುತ್ತೇವಾ? ಚುಕ್ಕಿ ಬದಲಾಯಿಸು.”

ಎರಡೂ ಜಡೆ ಹಿಂದಕ್ಕೆ ಎಸೆದು ಕೂತಳು ಹುಡುಗಿ. ಮನೆಗೊಂದು ಚೀಟಿ, ಮಗುವಿಗೊಂದು ಬೇರೆ ಚೀಟಿ, ಎರಡರ ಮೇಲೂ ಮನೆಯ ನಂಬರು. ಮನೆಯ ಚೀಟಿಯಲ್ಲಿ ಏನೇ ಖಾಲಿ ಇದ್ದರೂ ಮಗುವಿನ ಚೀಟಿ ಕಳೆದುಹೋಗುವುದಿಲ್ಲ. ಯಜಮಾನರ ಹೆಸರಿನ ಬದಲು ಏನು ಕೇಳೋಣ ಎಂದಳು. ಚಿಕ್ಕಲಕ್ಷ್ಮಮ್ಮ ನೆಲದ ಮೇಲೆ ಕೂತಲ್ಲಿಂದಲೇ, “ಒಲೆ ಹಚ್ಚೋರು ಯಾರು ಅಂತ ಕೇಳ್ಕಳಿ. ಅದು ಎಲ್ರ ಮನೇಲೂ ಇರ್ತದೆ” ಎಂದಳು. ಹಾಗೆಯೇ ಬರೆದೆವು.

ಹಳೆಯ ಹಾಳೆ ತೆಗೆದುಹಾಕಲು ಬಾಲವಾಡಿ ಮಂಜೂರು ಮಾಡುವ ಸಾಹೇಬರು ಸುಲಭವಾಗಿ ಒಪ್ಪಲಿಲ್ಲ. “ಬೀಗ ಅಂತ ನೀವೇ ರುಜು ಹಾಕಿದ್ದೀರಲ್ಲಮ್ಮ?” ಎಂದರು. “ಹಾಕಿದ್ದೇನೆ ಸ್ವಾಮಿ. ಬಾಗಿಲು ತೆರೆದಿತ್ತು, ನಾನು ಸುಳ್ಳು ಬರೆದೆ” ಎಂದು ಇನ್ನೊಂದು ಕಾಗದಕ್ಕೂ ರುಜು ಹಾಕಿದೆ. ದೇವರ ಪಟದ ಮುಂದಲ್ಲದೆ ಬೇರೆಯವರ ಮುಂದೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಮತ್ತೆ ಎಣಿಸಿದೆವು. ನಲವತ್ತೈದು! ನಲವತ್ತೈದು ಮಕ್ಕಳು! ಇಗೋ, ಸೀರೆಯ ಅಂಚಿನಲ್ಲಿ ಕಟ್ಟಿಹಾಕಿದ್ದ ಆ ಮಗು, ಪುಟ್ಟಲಕ್ಷ್ಮಿ, ಮುಂದಿನ ಸಾಲಿನಲ್ಲಿ ಪಕ್ಕದವನ ಜುಟ್ಟು ಹಿಡಿದು ಜಗ್ಗುತ್ತಿದ್ದಾಳೆ. ಬಿಡೇ ಅವನನ್ನ!

ಮುಗಿಸುತ್ತೇನೆ, ಉಪ್ಪಿಟ್ಟು ಆರುತ್ತದೆ. ಆದರೆ ಒಂದು ಹಾಳೆ ಉಳಿದಿದೆ. ಅದೇ ಬೇಸಿಗೆಯಲ್ಲಿ ನಮ್ಮ ಬೀದಿಯ ಮನೆಗಳನ್ನೂ ಬರೆದಿದ್ದೆವು. ನನ್ನ ಮನೆಯ ಹಾಳೆಯಲ್ಲಿ ಮೊದಲ ಸಾಲು ಖಾಲಿ ಬಿಡಲಿಲ್ಲ ನಾನು, ಯಜಮಾನರ ಹೆಸರನ್ನು ಮುದ್ದಾಗಿ ತುಂಬಿದ್ದೆ. ಯಂತ್ರ ಅದನ್ನು ತಳ್ಳಲೂ ಇಲ್ಲ. ಸಭಿಕರೇ, ಅವರು ಹೊರಗಡೆ ಹೋಗಿದ್ದಾರೆ ಎಂದು ಆಗಲೇ ಹೇಳಿದೆನಲ್ಲ? ಹೋಗಿ ಹನ್ನೊಂದು ವರ್ಷವಾಯಿತು. ಹನ್ನೊಂದು ವರ್ಷದಿಂದ ಹಾಲಿನವನಿಗೆ, ನೆಂಟರಿಗೆ, ನಿಮಗೆ, ಚಿಲಕ ನೋಡಿಕೊಂಡು ಅದನ್ನೇ ಹೇಳುತ್ತಾ ಬಂದಿದ್ದೇನೆ. ಈ ದಿನ ಹೇಳುವ ಯೋಚನೆ ಇರಲಿಲ್ಲ. ಚಿಕ್ಕಲಕ್ಷ್ಮಮ್ಮನನ್ನು ಕಂಬದ ಹಿಂದಿನಿಂದ ಕರೆದು, ನಾನು ಹೇಗೆ ಬಚ್ಚಿಟ್ಟುಕೊಳ್ಳಲಿ?

ಅಂಬುಜಾ, ನನಗೊಂದು ಹೊಸ ಚೀಟಿ ಕೊಡು ತಾಯಿ. ಆ ಮನೆಯಲ್ಲಿ ಒಲೆ ಹಚ್ಚುವವಳು ನಾನು. ಅಧ್ಯಕ್ಷರೇ, ಮಾನಪತ್ರವನ್ನು ಇನ್ನೊಮ್ಮೆ ಬರೆಸಿಕೊಡಬೇಕು. ಹೆಸರು ಮಾತ್ರ ಬದಲಾದರೆ ಸಾಕು, ಶಾಲು ಇದೇ ಇರಲಿ, ಬೆಚ್ಚಗಿದೆ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ, ಎಣಿಕೆಗೆ ಸಿಕ್ಕ ನಲವತ್ತೈದು ಮಕ್ಕಳಿಗೆ, ಬಸವರಾಜೇಶ್ವರಿಯ ನಮಸ್ಕಾರ.