ತಟ್ಟೆಗೆ ಅಡ್ಡ ಹಿಡಿದ ಕೈ

ನೇಮ ಅಂದರೆ ಏನು ಅಂತ ನಿನ್ನೆಯಿಂದ ಕೇಳುತ್ತಿದ್ದೀರಿ. ನೇಮ ಹಿಡಿಯುವುದು ಸುಲಭ, ತಾಯಂದಿರೇ. ಊರೆಲ್ಲ ನೋಡುತ್ತಿರುವಾಗ ಹಿಡಿಯುವುದು ಇನ್ನೂ ಸುಲಭ. ಆದರೆ ಎದುರಿಗೆ ಬಿಸಿ ಹುಗ್ಗಿ ಇರುವಾಗ, ಅದರ ಮೇಲೆ ತುಪ್ಪ ಕರಗುತ್ತಿರುವಾಗ, ನೋಡುವವರು ಯಾರೂ ಇಲ್ಲದಿರುವಾಗ ಆ ನೇಮ ಎಲ್ಲಿಗೆ ಹೋಗುತ್ತದೆ? ಅದಕ್ಕೇ ಇವತ್ತು ಒಂದು ದೃಷ್ಟಾಂತ ತಂದಿದ್ದೇನೆ. ಹಿಂದೆ ಕುಳಿತವರು ಸ್ವಲ್ಪ ಮುಂದೆ ಬನ್ನಿ. ಅಡುಗೆಮನೆ ಕಡೆ ನೋಡುವುದನ್ನು ಬಿಡಿ, ಪ್ರಸಾದ ಎಲ್ಲಿಗೂ ಓಡಿಹೋಗುವುದಿಲ್ಲ.

ನಮ್ಮಂಥದೇ ಒಂದು ಊರು, ಅಲ್ಲೊಬ್ಬ ಸಾಹುಕಾರ. ಗೋಧಿ ವ್ಯಾಪಾರದಲ್ಲಿ ಮೇಲೆ ಬಂದ ಮನೆತನ. ಒಂದು ಕಾಳು ಬಾಯಿಗೆ ಹಾಕಿ ಕಡಿದರೆ ಸಾಕು, ಇದು ಎಂಥ ಹೊಲದ್ದು, ಹೋಳಿಗೆಗೆ ಬರುತ್ತದೋ ಹುಗ್ಗಿಗೆ ಬರುತ್ತದೋ ಅಂತ ಹೇಳಿಬಿಡುತ್ತಿದ್ದ. ಆ ಊರಿನ ಮಠದಲ್ಲಿ ಹಿರಿಯ ಗುರುಗಳ ಪುಣ್ಯಸ್ಮರಣೆಗೆ ಪ್ರತಿ ವರ್ಷ ಗೋಧಿ ಹುಗ್ಗಿಯ ದಾಸೋಹ. ಗೋಧಿ, ಬೆಲ್ಲ, ತುಪ್ಪ ಎಲ್ಲ ಈ ಸಾಹುಕಾರನ ಸೇವೆ. ಅಲ್ಲಿ ಒಂದು ಪದ್ಧತಿ ಇತ್ತು, ನೋಡಿ. ದಾನಿ ಪಂಕ್ತಿಯ ಮೊದಲಿಗೆ ಕೂರಬೇಕು. ಮಠದ ಸ್ವಾಮಿಗಳಾದ ಅಜ್ಜನವರು ತಮ್ಮ ಕೈಯಿಂದಲೇ ಅವನ ತಟ್ಟೆಗೆ ಮೊದಲ ಸೌಟು ಹುಗ್ಗಿ ಬಡಿಸಬೇಕು. ಅವನು ಮೊದಲ ತುತ್ತು ಬಾಯಿಗೆ ಇಡಬೇಕು. ಅಲ್ಲಿಯವರೆಗೆ ಇಡೀ ಊರು ತಟ್ಟೆಯ ಮುಂದೆ ಕೈಕಟ್ಟಿ ಕೂತಿರಬೇಕು.

ಇಂಥ ಸಾಹುಕಾರನಿಗೆ ಒಂದು ಜಡ್ಡು ಬಂತು. ತಿಂದದ್ದು ಮೈಗೆ ಹತ್ತಲೊಲ್ಲದು. ಹೊಟ್ಟೆ ಉಬ್ಬುತ್ತದೆ, ಕೈಕಾಲು ಸೊರಗುತ್ತವೆ, ಮುಖ ಬಿಳಿಚಿಕೊಳ್ಳುತ್ತದೆ, ದಿನಕ್ಕೆ ಎಷ್ಟೋ ಸಲ ಚೊಂಬು ಹಿಡಿದು ಓಡಬೇಕು. ದೃಷ್ಟಿ ತೆಗೆಸಿದ್ದಾಯಿತು, ಹರಕೆ ಹೊತ್ತದ್ದಾಯಿತು, ಪುಡಿ ಕಷಾಯ ಕುಡಿದದ್ದಾಯಿತು. ಸಾಲದೆಂಬಂತೆ ಮನೆಯವರು ಶಕ್ತಿ ಬರಲಿ ಅಂತ ದಿನಾ ಗೋಧಿ ಗಂಜಿ ಬೇರೆ ಕುಡಿಸಿದರು. ಕೊನೆಗೆ ಶಹರದ ಒಬ್ಬ ಡಾಕ್ಟರಮ್ಮ ರಕ್ತ ನೋಡಿ, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿ, ಎದುರಿಗೆ ಕೂರಿಸಿಕೊಂಡು ಹೇಳಿದರು.

“ಗೋಧಿ ಬಿಡಬೇಕ್ರಿ ಸಾವ್ಕಾರ್ರ. ಪೂರ್ತಿ ಬಿಡಬೇಕು. ಜೀವ ಇರೂತನಕ ಬಿಡಬೇಕು.”

ಸಾಹುಕಾರ ನಕ್ಕ. “ಬಾಯಾರ, ನಮ್ಮ ಮನಿತನಾನ ಗೋಧಿ ಮ್ಯಾಲ ನಿಂತೈತ್ರಿ. ನಮ್ಮನ್ನ ಸಾಕಿದ್ದು ನಮಗ ಹ್ಯಾಂಗ ಕೇಡು ಮಾಡ್ತೈತ್ರಿ?”

“ಗೋಧಿ ಕೆಟ್ಟದ್ದು ಅಂತ ನಾ ಎಲ್ಲಿ ಅಂದೆರಿ? ನಿಮ್ಮ ಕರುಳಿಗೆ ಅದು ಆಗಿ ಬರಂಗಿಲ್ಲ, ಅಷ್ಟ.”

ಆಮೇಲೆ ಆಕೆ ತಿಳಿಸಿ ಹೇಳಿದರು. ನೀವೂ ಕೇಳಿ, ಚೆನ್ನಾಗಿದೆ. ಹೋಳಿಗೆಗೆ ಕಣಕ ಕಲಸಿ ಎಳೆದರೆ ಹರಿಯದೆ ಹಿಗ್ಗುತ್ತದಲ್ಲ, ಆ ಜಿಗುಟಿಗೆ ಗ್ಲುಟೆನ್ ಅಂತ ಹೆಸರು. ಹೊಸ ಟರ್ಕಿ ಟವೆಲ್ ಮುಟ್ಟಿ ನೋಡಿದ್ದೀರಾ? ಎಳೆ ಎಳೆ ಎದ್ದು ನಿಂತಿರುತ್ತದೆ. ನಮ್ಮ ಸಣ್ಣ ಕರುಳಿನ ಒಳಗೋಡೆಯೂ ಹಾಗೆಯೇ. ಆ ಎಳೆಗಳೇ ಅನ್ನದ ಸಾರ ಹೀರಿ ರಕ್ತಕ್ಕೆ ಕೊಡುತ್ತವೆ. ಕೆಲವರ ಮೈಗೆ ಈ ಜಿಗುಟು ಬಿತ್ತೆಂದರೆ ಮೈ ಅದನ್ನು ವೈರಿ ಅಂತ ತಿಳಿದು ಕಾದಾಡುತ್ತದೆ, ಆ ಕಾದಾಟದಲ್ಲಿ ಎಳೆಗಳೆಲ್ಲ ಸವೆದು ಟವೆಲ್ ಬೋಳಾಗುತ್ತದೆ. ಬೋಳು ಟವೆಲ್ ನೀರು ಹೀರುತ್ತದೆಯೇ? ತಟ್ಟೆ ತುಂಬ ಉಂಡರೂ ಒಳಗೆ ಉಪವಾಸ. ಆದರೆ ಗೋಧಿಯನ್ನು ಪೂರ್ತಿ ಬಿಟ್ಟರೆ ಆ ಎಳೆಗಳು ಮತ್ತೆ ಹುಟ್ಟುತ್ತವೆ.

ಮತ್ತೆ ಹುಟ್ಟುತ್ತವೆ. ಇದನ್ನು ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ನನಗೆ ಇದನ್ನು ಹೇಳುವಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಬೋಳಾದ ಟವೆಲ್ಲಿಗೆ ಮತ್ತೆ ಎಳೆ ಬಂದದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ? ಕರುಳಿನಲ್ಲಿ ಬರುತ್ತದೆ. ದೀಪವಿಲ್ಲದ ಆ ಕತ್ತಲಲ್ಲಿ, ನಾವು ಕೇಳದೆ, ಕೂಲಿ ಕೊಡದೆ, ನಾವು ಗೊರಕೆ ಹೊಡೆಯುತ್ತಿರುವಾಗಲೂ ಯಾರೋ ಕೂತು ನೇಯುತ್ತಿದ್ದಾರೆ. ದೇವರು ಎಲ್ಲಿದ್ದಾನೆ ಅಂತ ಗುಡ್ಡ ಹತ್ತಿ ಇಳಿದು ಮಾಡುತ್ತೀರಲ್ಲ, ನಿಮ್ಮ ಹೊಕ್ಕುಳದ ಹಿಂದೆ ನಡೆಯುತ್ತಿರುವ ಈ ಕೆಲಸಕ್ಕೆ ಒಂದು ದಿನವಾದರೂ ಕೈ ಮುಗಿದಿದ್ದೀರಾ?

ಸಾಹುಕಾರ ಗೋಧಿ ಬಿಟ್ಟ. ಚಪಾತಿ, ಶ್ಯಾವಿಗೆ, ರವೆ ಉಪ್ಪಿಟ್ಟು, ಬಿಸ್ಕತ್ತು, ಕೊನೆಗೆ ಅಂಗಡಿಯ ಇಂಗನ್ನೂ ಬಿಡಬೇಕಾಯಿತು, ಅದರಲ್ಲೂ ಗೋಧಿ ಹಿಟ್ಟು ಬೆರೆಸುತ್ತಾರಂತೆ. ಹೆಂಡತಿ ಅವನಿಗಾಗಿ ಬೇರೆ ಹಂಚು, ಹಿಟ್ಟು ನಾದಲು ಬೇರೆ ಕೊಣಮಿಗೆ ಇಟ್ಟಳು. ದಿನಾ ಜೋಳದ ರೊಟ್ಟಿ. ನೋಡುನೋಡುತ್ತಿದ್ದಂತೆ ಮುಖಕ್ಕೆ ರಕ್ತ ಬಂತು. ಆದರೆ ಕಾಯಿಲೆಯ ವಿಷಯ ಊರಿಗೆ ಹೇಳಲಿಲ್ಲ. ಗೋಧಿ ಸಾಹುಕಾರನಿಗೇ ಗೋಧಿ ಆಗುವುದಿಲ್ಲ ಅಂದರೆ ನಾಳೆ ಅಂಗಡಿಗೆ ಯಾರು ಬರುತ್ತಾರೆ ಅಂತ ಅವನ ಚಿಂತೆ. ಮದುವೆಗೆ ಕರೆದರೆ ಇವತ್ತು ಉಪವಾಸ ಅನ್ನುತ್ತಿದ್ದ. ಸೀಮಂತಕ್ಕೆ ಕರೆದರೆ ಒಪ್ಪತ್ತು ಅನ್ನುತ್ತಿದ್ದ. ಊರಿನವರೆಲ್ಲ, ಸಾಹುಕಾರರಿಗೆ ಈ ವಯಸ್ಸಿನಲ್ಲಿ ಎಂಥ ಭಕ್ತಿ ಬಂತು ನೋಡ್ರಿ ಅಂತ ಮಾತಾಡಿಕೊಂಡರು. ಜಡ್ಡಿನಿಂದ ಪುಣ್ಯವಂತನಾದವನು ಅವನೊಬ್ಬನೇ ಇರಬೇಕು.

ಈಗ ಆಸೆಯ ಕಥೆ ಕೇಳಿ. ಆಸೆ ಹೇಗೆ ಬರುತ್ತದೆ ಅಂತ ತಿಳಿದಿದ್ದೀರಿ? ಕಳ್ಳನ ವೇಷದಲ್ಲಿ ಬಂದರೆ ನಾವೇ ಬಾಗಿಲು ಹಾಕಿಕೊಳ್ಳುತ್ತೇವೆ. ಅದಕ್ಕೆ ಅದು ವಿಭೂತಿ ಹಚ್ಚಿಕೊಂಡು ಬರುತ್ತದೆ. ಒಂದು ಹಬ್ಬದ ದಿನ ದೇವರ ಮನೆಯಲ್ಲಿ ಗೋಧಿ ಬೆಲ್ಲದ ಮಾದಲಿ ನೈವೇದ್ಯ ಇಟ್ಟಿದ್ದರು. ಸಾಹುಕಾರ ಒಬ್ಬನೇ ಕೂತಿದ್ದ. ಪ್ರಸಾದ ತಾನೇ, ಅಂದುಕೊಂಡ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಸಂಜೆವರೆಗೆ ಹೊಟ್ಟೆಗೆ ಕಿವಿಗೊಟ್ಟು ಕಾದ. ಏನೂ ಆಗಲಿಲ್ಲ.

ಏನೂ ಆಗಲಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಇಲ್ಲ, ನೋಡಿ. ಅಂದೇ ಹೊಟ್ಟೆ ಹಿಡಿದು ಉರುಳಾಡಿದ್ದರೆ ಅವನು ಅಂದೇ ಉಳಿದುಕೊಳ್ಳುತ್ತಿದ್ದ. ಮುಂದಿನ ಸಲ ಚಿಟಿಕೆ ಹೋಗಿ ಹಿಡಿ ಆಯಿತು. ಆಮೇಲೆ ಯಾವ ಗುಡಿಯಲ್ಲಿ ಯಾವ ವಾರ ಶಿರಾ, ಯಾವ ಮಠದಲ್ಲಿ ಯಾವಾಗ ಹುಗ್ಗಿ ಅಂತ ತಿಳಿದುಕೊಂಡು ದರ್ಶನಕ್ಕೆ ಹೊರಟ. ಮನೆಯಲ್ಲಿ ರೊಟ್ಟಿ, ಹೊರಗೆ ದೇವರ ಹೆಸರಲ್ಲಿ ಗೋಧಿ. ಹೆಂಡತಿ ಪಾಪ ಮನೆಯಲ್ಲಿ ಕೊಣಮಿಗೆ ತೊಳೆಯುತ್ತಲೇ ಇದ್ದಳು. ಕೆಲವು ತಿಂಗಳಿಗೆ ಮತ್ತೆ ಮುಖ ಬಿಳಿಚಿತು. ಡಾಕ್ಟರಮ್ಮ ರಕ್ತ ನೋಡಿ, “ಯಾವಾಗರ ಗೋಧಿ ತಿಂದೀರೇನ್ರಿ?” ಅಂದರು.

“ಇಲ್ರಿ ಬಾಯಾರ. ಪ್ರಸಾದ ಅಷ್ಟ ತಗೊಂಡೀನ್ರಿ.”

ಆಕೆ ಬೈಯಲಿಲ್ಲ. “ದೇವರ ಮನಿ ಯಾವ್ದು, ಅಡಿಗಿ ಮನಿ ಯಾವ್ದು ಅಂತ ನಿಮ್ಮ ಕರುಳಿಗೆ ಗೊತ್ತಾಗಂಗಿಲ್ರಿ,” ಅಂದರು. “ಒಳಗ ಅದು ಕಟ್ಟಕತ್ತಿತ್ತು, ನೀವು ಕೆಡವಕತ್ತೀರಿ. ಕೈ ಬಿಟ್ಟರ ಅದು ಮತ್ತ ಕಟ್ಟತೈತಿ. ಆದ್ರ ಕೈ ಬಿಡಬೇಕು.”

ಸಾಹುಕಾರ ಆ ಮಾತು ಹೊತ್ತುಕೊಂಡು ಊರಿಗೆ ಬಂದ. ಬರುವಷ್ಟರಲ್ಲಿ ದಾಸೋಹದ ದಿನ ಎದುರಿಗೇ ನಿಂತಿತ್ತು.

ಮಠದ ಅಂಗಳದಲ್ಲಿ ಊರಿಗೆ ಊರೇ ಸಾಲಾಗಿ ಕೂತಿದೆ. ಬೆಲ್ಲ, ಏಲಕ್ಕಿ, ಗಸಗಸೆ ಬೆಂದ ಘಮ ಅಂಗಳ ತುಂಬಿದೆ. ಸಾಹುಕಾರ ಪಂಕ್ತಿಯ ಮೊದಲಿಗೆ ಕೂತಿದ್ದಾನೆ. ಅವನ ಎದುರಿನ ಸಾಲಿನಲ್ಲಿ ಒಬ್ಬ ಬಡ ಹೆಣ್ಣುಮಗಳು, ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ. ಮನೆಯಲ್ಲಿ ಮಲಗಿದ ಮಗುವಿಗೆ ಹುಗ್ಗಿ ಒಯ್ಯಲು ಬಂದವಳು. ಈ ಕಥೆಯಲ್ಲಿ ಯಾರ ಹೆಸರೂ ಹೇಳಿಲ್ಲ, ಆ ಮಗುವಿನ ಹೆಸರು ಮಾತ್ರ ಹೇಳುತ್ತೇನೆ. ನೀಲವ್ವ ಅಂತ. ಅವಳನ್ನು ನೆನಪಿಡಿ.

ಅಜ್ಜನವರು ಸೌಟು ಹಿಡಿದು ಬಂದರು. ವಯಸ್ಸಾದವರು, ಕಿವಿ ಮಂದ. ಸಾಹುಕಾರನ ಬಾಯಲ್ಲಿ ನೀರೂರುತ್ತಿದೆ. ಮನಸ್ಸು ಏನೇನು ಹೇಳಿರಬೇಕು ಹೇಳಿ? ಇವತ್ತೊಂದು ದಿನ ತಿನ್ನು, ನಾಳೆಯಿಂದ ಬಿಡು. ಗುರುವಿನ ಕೈಯಿಂದ ಬಂದದ್ದು ಕೆಡುಕು ಮಾಡುತ್ತದೆಯೇ? ನೀನು ತಿನ್ನದೆ ಊರು ಉಣ್ಣುವುದಿಲ್ಲ, ಇಷ್ಟು ಜನರ ಹಸಿವಿನ ಪಾಪ ನಿನಗೇಕೆ? ಎಂಥ ಒಳ್ಳೊಳ್ಳೆಯ ಮಾತುಗಳು, ನೋಡಿ. ಒಂದೂ ಆಸೆಯ ಮಾತಿನ ಹಾಗೆ ಕೇಳಿಸುವುದಿಲ್ಲ.

ಹೆಂಗಸರ ಸಾಲಿನಿಂದ ಅವನ ಹೆಂಡತಿ ನೋಡುತ್ತಿದ್ದಳು. ಸೌಟು ಬಾಗಿತು. ಸಾಹುಕಾರನ ಕೈ ಎದ್ದು ತಟ್ಟೆಗೆ ಅಡ್ಡ ಬಂತು.

“ಯಾಕಪಾ?” ಅಂದರು ಅಜ್ಜನವರು. “ಪ್ರಸಾದ ಐತಿ.”

ಈಗಲೂ ಒಂದು ದಾರಿ ಇತ್ತು. ಉಪವಾಸ ಅಂದಿದ್ದರೆ ಮುಗಿಯುತ್ತಿತ್ತು, ಹಳೆಯ ಸುಳ್ಳು, ಚೆನ್ನಾಗಿ ಪಳಗಿದ್ದು. ಹುಗ್ಗಿಯೂ ತಪ್ಪುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅವನಿಗೆ ಅದು ಬಾಯಿಗೆ ಬರಲಿಲ್ಲ. ಮೆಲ್ಲಗೆ ನಿಜ ಹೇಳಿದ. ಅಜ್ಜನವರಿಗೆ ಕೇಳಿಸಲಿಲ್ಲ, ಕಿವಿಗೆ ಕೈ ಹಚ್ಚಿ ಬಾಗಿದರು. ಆಗ ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಬೇಕಾಯಿತು.

“ಅಜ್ಜಾರ, ನನಗ ಗೋಧಿ ಆಗಿ ಬರಂಗಿಲ್ರಿ. ತಿಂದ್ರ ಕರುಳು ಕೆಡತೈತ್ರಿ. ಹೊಟ್ಟಿ ಉಬ್ಬಿ ಕೈಕಾಲು ಒಣಗಿ ಸಾಯೂಹಂಗಾಗಿದ್ದೆ. ಉಪವಾಸ ಅಂತ ನಿಮಗೆಲ್ಲ ಸುಳ್ಳು ಹೇಳಿದ್ದೆ. ಇನ್ನ ಹೇಳಂಗಿಲ್ರಿ.”

ಅಜ್ಜನವರು ಅವನನ್ನೇ ನೋಡಿದರು. ಸೌಟನ್ನು ಪಾತ್ರೆಗೆ ಹಿಂದಕ್ಕೆ ಇಟ್ಟರು.

“ಹಂಗಾರ ಇದು ನಿನಗ ಪ್ರಸಾದ ಅಲ್ಲ ಬಿಡು. ಏನು ಉಣ್ತಿ?”

ಹೆಂಡತಿ ಎದ್ದು ಬಂದಳು. ಸೆರಗಿನ ಮರೆಯಿಂದ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ತೆಗೆದಳು. ಗಂಡ ಇವತ್ತು ಏನು ಮಾಡುತ್ತಾನೋ ಅವಳಿಗೂ ಗೊತ್ತಿರಲಿಲ್ಲ, ಆದರೂ ತಂದಿದ್ದಳು. ಅಜ್ಜನವರು ಹುಗ್ಗಿ ಹತ್ತಿದ ಕೈಯನ್ನು ತೊಳೆದುಕೊಂಡು ಬಂದರು. ರೊಟ್ಟಿ ಮುರಿದು ತಟ್ಟೆಗೆ ಹಾಕಿದರು. “ಇದೂ ಪ್ರಸಾದನ. ಉಣ್ಣು,” ಅಂದರು. ಅವನು ಉಂಡ. ಊರು ಉಂಡಿತು.

ಒಬ್ಬಳು ಉಣ್ಣಲಿಲ್ಲ. ಡಬ್ಬಿಯ ಹೆಣ್ಣುಮಗಳು. ಪಂಕ್ತಿ ಏಳುವವರೆಗೆ ಕೂತಿದ್ದು, ಸಾಹುಕಾರನ ಎದುರಿಗೆ ಬಂದಳು.

“ಸಾವ್ಕಾರ್ರ, ನಿಮಗ ಏನೇನ್ ಆಗತಿತ್ತು, ಇನ್ನೊಮ್ಮಿ ಹೇಳ್ರಿ.”

ಅವನು ಒಂದೊಂದಾಗಿ ಹೇಳಿದ. ಕೇಳುತ್ತ ಕೇಳುತ್ತ ಅವಳು ಅಲ್ಲೇ ನೆಲಕ್ಕೆ ಕೂತಳು. “ನನ್ನ ನೀಲವ್ವಗೂ ಹಿಂಗ ಐತ್ರಿ. ಹೊಟ್ಟಿ ಗಡಿಗಿ ಆಗೇತಿ, ಕಾಲು ಕಡ್ಡಿ ಆಗ್ಯಾವ. ಸೊರಗಿದಾಗೆಲ್ಲ ಪ್ರಸಾದ ಒಯ್ದು ತಿನ್ನಸ್ತೀನ್ರಿ. ಜಾಸ್ತಿ ಸೊರಗಿದ್ರ ಜಾಸ್ತಿ ತಿನ್ನಸ್ತೀನ್ರಿ.” ಡಬ್ಬಿ ಅವಳ ಕೈಯಿಂದ ಜಾರಿತು. ಖಾಲಿ ಡಬ್ಬಿ, ಅಜ್ಜನವರ ಕಾಲಿನವರೆಗೂ ಉರುಳಿಕೊಂಡು ಹೋಯಿತು.

ಮರುದಿನ ಸಾಹುಕಾರ ತನ್ನ ಗಾಡಿಯಲ್ಲೇ ತಾಯಿ ಮಗಳನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದ. ಅದೇ ಜಡ್ಡು. ಅದೇ ಪಥ್ಯ. ಇನ್ನೊಂದಷ್ಟು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರಂತೆ. ಆಮೇಲೆ ಆ ಕತ್ತಲೊಳಗಿನ ನೇಕಾರ ನೀಲವ್ವನ ಹೊಟ್ಟೆಯಲ್ಲಿ ಕೆಲಸಕ್ಕೆ ಕೂತ. ಮುಂದಿನ ದಾಸೋಹದ ಹೊತ್ತಿಗೆ ಅವಳ ಲಂಗ ಮೊಣಕಾಲಿಗೆ ಏರಿತ್ತು. ಎಷ್ಟು ಹೊಲಿಗೆ ಬಿಚ್ಚಿದರೂ ಸಾಲದೆ ತಾಯಿ ಅಳುತ್ತ ನಗುತ್ತ ಹೊಸ ಲಂಗ ಹೊಲಿಸಿದಳು. ಮಠದ ಅಂಗಳದಲ್ಲಿ ಮಗು ಓಡಿತು, ಬಿತ್ತು, ಎದ್ದು ಮತ್ತೆ ಓಡಿತು. ಸಾಹುಕಾರನ ಪಕ್ಕದಲ್ಲೇ ಉಣ್ಣಲು ಕೂತಿತು. ಹುಗ್ಗಿಯ ಪಾತ್ರೆ ಬಂತು. ಘಮ ಅವಳಿಗೂ ಗೊತ್ತು, ರುಚಿ ಅವಳಿಗೂ ಗೊತ್ತು, ಮಗು ಅಲ್ಲವೇ? ಒಂದು ಸಲ ಸಾಹುಕಾರನ ಮುಖ ನೋಡಿತು. ಆಮೇಲೆ ತನ್ನ ಪುಟ್ಟ ಕೈ ತಟ್ಟೆಗೆ ಅಡ್ಡ ಇಟ್ಟಿತು. ಸಾಹುಕಾರ ತನ್ನ ರೊಟ್ಟಿ ಮುರಿದು ಅರ್ಧ ಅವಳ ತಟ್ಟೆಗೆ ಹಾಕಿದ.

ಯೋಚನೆ ಮಾಡಿ. ಅವನು ಆ ದಿನ ಹುಗ್ಗಿ ತಿಂದಿದ್ದರೆ ಆ ಡಬ್ಬಿ ತುಂಬಿ ಮನೆಗೆ ಹೋಗುತ್ತಿತ್ತು. ಉಪವಾಸ ಅಂದಿದ್ದರೂ ತುಂಬಿ ಹೋಗುತ್ತಿತ್ತು. ತಾಯಿ ಪ್ರೀತಿಯಿಂದ ತಿನ್ನಿಸುತ್ತಿದ್ದಳು. ಬಿಟ್ಟ ಒಂದು ತುತ್ತು, ಆಡಿದ ಒಂದು ನಿಜ, ಎಲ್ಲಿಗೆ ಹೋಗಿ ಮುಟ್ಟಿತು ನೋಡಿದಿರಾ? ಇದನ್ನು ಯಾರು ಲೆಕ್ಕ ಹಾಕಿ ಇಟ್ಟಿದ್ದರು? ನನಗೆ ತಿಳಿಯದು. ನಾನು ಬೆರಗಾಗಿ ನಿಲ್ಲಬಲ್ಲೆ, ಅಷ್ಟೆ.

ಈಗ ನಿಮ್ಮ ಸರದಿ. ಡಾಕ್ಟರು ಬೇಡ ಅಂದದ್ದು ನಿಮ್ಮಲ್ಲಿ ಎಷ್ಟು ಜನರಿಗೆ ಇಲ್ಲ? ಒಬ್ಬರಿಗೆ ಗೋಧಿ, ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ಉಪ್ಪು, ಆ ಕಂಬಕ್ಕೆ ಒರಗಿ ಕೂತವರಿಗೆ ತಂಬಾಕು. ಚಿಟಿಕೆಯಿಂದ ಏನೂ ಆಗಲಿಲ್ಲ ಅಂತ ನಾಳೆ ಹಿಡಿಗೆ ಕೈ ಹಾಕಬೇಡಿ. ಬಾಯಿ ಚಪಲಕ್ಕೆ ದೇವರನ್ನು ಅಡ್ಡ ನಿಲ್ಲಿಸಬೇಡಿ. ಇಂಥದ್ದು ನನಗೆ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ, ಅದರಲ್ಲಿ ನಾಚಿಕೆ ಏನಿದೆ?

ತಾಯಂದಿರೇ, ನಿಮಗೆ ಒಂದು ಮಾತು ಹೆಚ್ಚಿಗೆ. ನನ್ನಾಣೆ ಒಂದು ತುತ್ತು, ನೀವು ತಿನ್ನದಿದ್ದರೆ ನನಗೆ ಬೇಜಾರು, ಅಂತ ಬಡಿಸುತ್ತೀರಲ್ಲ, ಆ ಪ್ರೀತಿಗೆ ಇವತ್ತಿನಿಂದ ಸ್ವಲ್ಪ ಕಡಿವಾಣ ಇರಲಿ. ಬೇಡ ಅಂದವರಿಗೆ ಬೇಡ. ಇವತ್ತೂ ಪ್ರಸಾದಕ್ಕೆ ಹುಗ್ಗಿ ಇದೆ. ಆ ಮೂಲೆಯಲ್ಲಿ ಜೋಳದ ನುಚ್ಚಿನ ಪಾತ್ರೆ ಬೇರೆ ಇಡಿಸಿದ್ದೇನೆ, ಅದರ ಸೌಟು ಅದಕ್ಕೇ ಇರಲಿ, ಹುಗ್ಗಿಗೆ ತಾಗಿಸಬೇಡಿ. ಬೇಕಾದವರು ಅಲ್ಲಿ ಹೋಗಿ ಕೂರಿ. ಯಾಕೆ ಅಂತ ಯಾರೂ ಕೇಳಬಾರದು, ಹೇಳಬೇಕು ಅನ್ನಿಸಿದವರು ಗಟ್ಟಿಯಾಗಿ ಹೇಳಿ. ಬಡಿಸುವ ಹುಡುಗರೇ, ಪಂಕ್ತಿಯಲ್ಲಿ ಯಾರಾದರೂ ತಟ್ಟೆಗೆ ಕೈ ಅಡ್ಡ ಹಿಡಿದರೆ ಸೌಟನ್ನು ಹಿಂದಕ್ಕೆ ತೆಗೆದುಕೊಳ್ಳಿ. ಆ ಕೈಯ ಹಿಂದೆ ಯಾವ ನೀಲವ್ವ ಕಾಯುತ್ತಿದ್ದಾಳೋ ನಮಗೆ ಗೊತ್ತಿಲ್ಲ.