ಎದೆ ಉಬ್ಬಿಸ್ಬೇಡ, ಆರ್ವಿಡ್

ಇಲ್ಲ ರೂಬೆನ್, ಅವನನ್ನ ಕರ್ಕೊಂಡು ಬಾ ಅಂತ ಮತ್ತೆ ಅನ್ಬೇಡ. ಉಡುಗೊರೆ ಕಣೋ ಇದು! ಗಂಡನ್ನ ನಿನ್ನ ಅಂಗಡಿಗೆ ತಂದು, ಗೋಡೆಗೆ ನಿಲ್ಲಿಸಿ, ತೋಳು ಚಾಚು ಅಂತ ಹೇಳಿದ್ರೆ ಇನ್ನೇನು ಗುಟ್ಟು ಉಳಿಯತ್ತೆ? ಅಳತೆ ನಾನೇ ತಂದಿದೀನಿ. ಹೊಲಿಗೆ ಟೇಪಲ್ಲಿ ಅಳೆದೆ. ಎಪ್ಪತ್ತು ಇಂಚು. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ. ಎರಡೂವರೆಯಿಂದ ಭಾಗಿಸಿದ್ರೆ ಇಪ್ಪತ್ತೆಂಟು. ಹೆದೆ ಅಷ್ಟುದ್ದ ಎಳೆಯೋ ಹಾಗೆ ಒಂದು ಬಿಲ್ಲು ಸರಿಮಾಡಿ ಕೊಟ್ಟುಬಿಡು, ನಾ ಹೊರಡ್ತೀನಿ.

ಯಾಕೆ ನಗ್ತೀಯ? ಇಷ್ಟು ವರ್ಷ ನಿಮ್ಮಿಬ್ಬರ ಮಾತು ಕೇಳಿ ಕೇಳಿ ನಂಗೂ ಬಾಯಿಪಾಠ ಆಗಿದೆಯಪ್ಪ.

ಗೊತ್ತು ಮಾರಾಯ, ಗೊತ್ತು. ಗೋಡೆಗೆ ನಿಲ್ಲದೆ ಇರೋರಿಗೆ ನೀನು ಬಿಲ್ಲು ಮಾರಲ್ಲ. ಇಡೀ ಊರೇ ಈ ಗೋಡೆ ಮೇಲಿದೆಯಲ್ಲ! ಪೆನ್ಸಿಲ್ ಗೆರೆ, ಪಕ್ಕದಲ್ಲಿ ಹೆಸರು... ಅಯ್ಯೋ, ನಮ್ಮ ಪಾದ್ರಿಗಳ ತೋಳು ಇಷ್ಟು ಗಿಡ್ಡನಾ! ಇಲ್ಲಿ, ಇಲ್ಲಿ ನೋಡು. ಆರ್ವಿಡ್. ಎರಡು ಗೆರೆ. ಒಂದನ್ನ ಕಾಟು ಹಾಕಿ, ಒಳಗಡೆಗೆ ಇನ್ನೊಂದು ಎಳೆದಿದೀಯ. ಆ ದಿನ ನಾನು ಇದೇ ಒಲೆ ಪಕ್ಕ ಕೂತು ಕಾಫಿ ಕುಡೀತಿದ್ದೆ. ನನ್ನ ಗಂಡ ಹುಂಜದ ಹಾಗೆ ಎದೆ ಉಬ್ಬಿಸ್ಕೊಂಡು, ಬೆರಳನ್ನೂ ಎಳೆದು ಎಳೆದು ಉದ್ದ ಮಾಡ್ಕೊಂಡು ನಿಂತಿದ್ದ. ನೀನು ಪಕ್ಕೆಗೆ ಒಂದು ತಿವಿದೆ. "ಎದೆ ಉಬ್ಬಿಸ್ಬೇಡ, ಆರ್ವಿಡ್! ನಾನು ಅಳೀತಿರೋದು ತೋಳನ್ನ, ನಿನ್ನ ಜಂಬವನ್ನಲ್ಲ" ಅಂದೆ. ಉಸಿರು ಬಿಟ್ಟ ನೋಡು... ಗೆರೆ ಒಳಗೆ ಬಂತು! ಮನೆ ತನಕ ನಕ್ಕಿದ್ದೆ ನಾನು.

ಏನು? ಈ ಒಳಗಿನ ಗೆರೆನೇ ಎಪ್ಪತ್ತೈದಾ?

ಇರಬಹುದಪ್ಪ. ವಯಸ್ಸಾಯ್ತು. ಮನುಷ್ಯ ಕುಗ್ಗಲ್ವಾ? ... ತೋಳು ಕುಗ್ಗಲ್ಲ. ಸರಿ. ಹಾಗಾದ್ರೆ ನಾನೇ ಸರಿಯಾಗಿ ಹಿಡಿದಿಲ್ಲ ಟೇಪನ್ನ. ಮಲಗಿದ್ದಾಗ ಅಳೆದಿದ್ದು. ನಿದ್ದೆಯಲ್ಲಿದ್ದ.

ಒಂದ್ನಿಮಿಷ... ಕಿಟಕಿಯಿಂದ ಸ್ವಲ್ಪ ಸರಿ. ಸರಿ ಅಂದ್ನಲ್ಲ!

ಏನಿಲ್ಲ, ಏನಿಲ್ಲ. ಟ್ರಕ್ ನೋಡಿದೆ ಅಷ್ಟೆ. ಎಂಜಿನ್ ಚಾಲೂ ಇಟ್ಟೇ ಬಂದಿದೀನಿ. ಒಳಗೆ ನಾಯಿ ಇದೆ. ಹೊರಗೆ ಕೊರೆಯೋ ಚಳಿ, ಪಾಪ, ಹೀಟರ್ ಇರಲಿ ಅಂತ. ಬೇಗ ಮಾಡಿ ಕಳಿಸು ನನ್ನ.

ಹಳೇ ಬಿಲ್ಲಾ? ಅದನ್ನ ಕೊಟ್ಟುಬಿಟ್ಟ. ನಮ್ಮಣ್ಣನ ಮಗನಿಗೆ. "ತಗೊಂಡು ಹೋಗಲಿ" ಅಂದ. ಧಾರಾಳಿ ಅಲ್ವಾ ಅವನು, ನಿಂಗೇ ಗೊತ್ತಲ್ಲ. ... ಹೌದು, ಅದರ ಮೇಲೆ ಯಾರ ಕೈಯೂ ಇಡೋಕೆ ಬಿಡ್ತಿರ್ಲಿಲ್ಲ. ಹೌದು. ಮನಸ್ಸು ಬದಲಾಗಬಾರದಾ? ಪೊಲೀಸರ ಹಾಗೆ ಕೇಳ್ತೀಯಲ್ಲೋ!

ಮತ್ತೆ... ಎಳೆತದ ಭಾರ ಇದೆಯಲ್ಲ, ಅದನ್ನ ಕಡಿಮೆ ಮಾಡಿಡು. ಇನ್ನೂ ಕಡಿಮೆ. ಹೊಸದಾಗಿ ಕಲಿಯೋ ಹೆಣ್ಣುಮಕ್ಕಳಿಗೆ ಇಡ್ತೀಯಲ್ಲ, ಅಷ್ಟು. ಹಾಗೆ ನೋಡ್ಬೇಡ. ಹುಲ್ಲಿನ ಪೆಂಡಿ ಎತ್ತೋಕೆ ಹೋಗಿ ಭುಜ ಉಳುಕಿದೆ. ಅದಕ್ಕೇ ಈ ಸಲ ಕಾಡಿನ ಕಡೆ ಬಂದಿಲ್ಲ. ನೀನು ಫೋನ್ ಮಾಡಿದಾಗೆಲ್ಲ ಕೊಟ್ಟಿಗೆಯಲ್ಲಿದಾನೆ ಅಂದ್ನಲ್ಲ, ಆಗ... ಹೌದು, ಕೊಟ್ಟಿಗೆಯಲ್ಲೇ ಇದ್ದ. ಭುಜ ಉಳುಕಿದೋರು ಕೊಟ್ಟಿಗೆಗೆ ಹೋಗಬಾರದು ಅಂತಿದೆಯಾ?

ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ಗಂಡಸು ಉಳುಕಿದ ಭುಜಕ್ಕೆ ಹೆದರಿ ನವೆಂಬರಲ್ಲಿ, ಜಿಂಕೆ ಬೇಟೆ ಕಾಲದಲ್ಲಿ, ಮನೇಲಿ ಕೂರ್ತಾನಾ ಅಂತೀಯ. ಕೂತಿದಾನಪ್ಪ! ಏನು ಮಾಡ್ಲಿ?

ಆ ಫೋಟೋ ಇನ್ನೂ ತೆಗೆದಿಲ್ವಾ ನೀನು? ಮುದುಕ ನೆಲ್ಸ್‌ದು. ಜೋಳ ಕೀಳೋ ಯಂತ್ರಕ್ಕೆ ಕೈ ಕಳ್ಕೊಂಡು, ಆಮೇಲೆ ಹಲ್ಲಲ್ಲಿ ಕಚ್ಚಿ ಬಿಲ್ಲು ಎಳೀತಿದ್ದನಲ್ಲ. ಮೊದಲಿಂದಲೂ ಅದನ್ನ ಕಂಡ್ರೆ ಭಯ ನಂಗೆ. ಅಂಗಿಯ ಆ ಖಾಲಿ ತೋಳು... ಇಲ್ಲ, ನೋಡಲ್ಲ ನಾನು ಆ ಕಡೆ.

ಹೇಗೆ ಅಳೆದೆ ಅಂದ್ರೆ? ಎಲ್ಲರೂ ಅಳೆಯೋ ಹಾಗೆ ಅಳೆದೆ. ... ತೋರಿಸ್ಬೇಕಾ? ಸರಿ, ಕೊಡು ಟೇಪು. ಹೀಗೆ. ಇಲ್ಲಿ, ಗಂಟಲ ಗುಳಿ ಇದೆಯಲ್ಲ, ಇಲ್ಲಿಂದ ಎಡಗೈ ಬೆರಳ ತನಕ. ಅಷ್ಟೇ. ಅದನ್ನ ಎರಡರಷ್ಟು ಮಾಡ್ಕೊಂಡೆ. ಎರಡು ಕೈಯೂ ಒಂದೇ ಉದ್ದ ಅಲ್ವಾ?

ಟೇಪು ಯಾಕೆ ವಾಪಸ್ ತಗೊಂಡೆ?

ರೂಬೆನ್... ಬಲಗೈ ಯಾಕೆ ಅಳೀಲಿಲ್ಲ ಅಂತ ಕೇಳು. ಬಾಯಿ ಬಿಟ್ಟು ಕೇಳಿಬಿಡು! ಹಾಗೆ ಟೇಪನ್ನೇ ನೋಡ್ತಾ ನಿಲ್ಬೇಡ.

ಮಡಚಿಕೊಂಡಿತ್ತು. ಎದೆ ಮೇಲೆ, ಹೀಗೆ. ನಿದ್ದೆಯಲ್ಲಿ ಹಾಗೇ ಅಲ್ವಾ ಮಲಗೋದು. ಬಿಡಿಸೋಕೆ ನೋಡ್ದೆ. ಬೆರಳು ಒಂದೊಂದೇ ಬಿಡಿಸ್ದೆ... ಮತ್ತೆ ಮಡಚಿಕೊಂಡವು. ನಿದ್ದೆ ಎಲ್ಲಿಯದು, ಅವನು ಎಚ್ಚರವಾಗೇ ಇದ್ದ. ಕಣ್ಣು ಬಿಟ್ಕೊಂಡು ಸೂರು ನೋಡ್ತಿದ್ದ. ಯಾಕೆ ಅಳೀತಿದೀಯ ಅಂತ ಕೇಳ್ಲೂ ಇಲ್ಲ.

ಲಕ್ವ ಕಣೋ. ಹುಲ್ಲು ಕೊಯ್ಯೋ ಕಾಲದಲ್ಲಿ ಹೊಡೀತು. ದೊಡ್ಡೂರಿನ ಆಸ್ಪತ್ರೆಯಲ್ಲಿದ್ದು ಬಂದ್ವಿ. "ಯಾರಿಗೂ ಹೇಳ್ಬೇಡ" ಅಂತ ಕಣ್ಣಲ್ಲೇ ಹೇಳ್ದ. ಬಾಯಲ್ಲಿ ಮಾತು ಅರ್ಧಂಬರ್ಧ. ಯಾರಾದ್ರೂ ಬಾಗಿಲು ತಟ್ಟಿದ್ರೆ ಗೋಡೆ ಕಡೆ ತಿರುಗಿ ಮಲಗ್ತಾನೆ. ಅದಕ್ಕೇ ನಿನ್ನ ಹತ್ರ ಸುಳ್ಳು ಹೇಳ್ತಾ ಬಂದೆ. ಬೈಯಿ ಬೇಕಾದ್ರೆ.

ಇಲ್ಲ, ಕೂರಲ್ಲ. ಇಲ್ಲೇ ನಿಂತಿರ್ತೀನಿ. ಇಲ್ಲಿಂದ ಟ್ರಕ್ ಕಾಣತ್ತೆ.

ಬಿಲ್ಲು ಕೊಟ್ಟಾಗ ನಾನೂ ಖುಷಿಪಟ್ಟೆ, ಗೊತ್ತಾ? ಒಳ್ಳೇದಾಯ್ತು, ಕಣ್ಣೆದುರಿಗಿದ್ರೆ ಸಂಕಟ ಅಂತ. ಆಮೇಲೆ ಚಾಕು ಕೊಟ್ಟ. ಅವನಪ್ಪನ ಕಾಲದ ಚಾಕು! ಆಮೇಲೆ ಗಡಿಯಾರ. ಮೊನ್ನೆ ಹಾಲಿನ ಲಾರಿಯವನಿಗೆ ಚಳಿಯ ಬೂಟು ಕೊಡು ಅಂತ ಸನ್ನೆ ಮಾಡ್ದ. ಮುಂದೆ ಇನ್ನೂ ಇಡೀ ಚಳಿಗಾಲ ಇದೆ ರೂಬೆನ್! ಬೂಟು ಯಾರಾದ್ರೂ ಕೊಟ್ಟುಬಿಡ್ತಾರಾ? ಆದ್ರೂ ಬೂಟು ಒರೆಸಿ, ಚೀಲಕ್ಕೆ ಹಾಕಿ ಕೊಟ್ಟೆ. ಕೊಡಲ್ಲ ಅಂದ್ರೆ ನಂಗೆ ಅರ್ಥ ಆಗಿದೆ ಅಂತ ಅವನಿಗೆ ಗೊತ್ತಾಗತ್ತಲ್ಲ.

ಭಾನುವಾರ ಚರ್ಚಿಗೆ ಹೋಗಿದ್ದೆ. ಬಂದು ನೋಡಿದ್ರೆ ಹಾಸಿಗೆ ಖಾಲಿ. ಹಜಾರದ ನೆಲದ ಮೇಲಿದ್ದ. ತೆವಳ್ಕೊಂಡು ಹೋಗಿದಾನೆ, ಬಂದೂಕಿನ ಬೀರು ತನಕ. ಬೆನ್ನು ಅದಕ್ಕೇ ಒರಗಿಸಿ ಕೂತಿದ್ದ. ನನ್ನ ನೋಡಿ "ಬೀಗದ ಕೈ" ಅಂದ. ಸ್ಪಷ್ಟವಾಗಿ ಅಂದ! ನನ್ನ ಹೆಸರು ಹೇಳೋಕೆ ತಡವರಿಸ್ತಾನೆ... ಲವರ್ನ್ ಅನ್ನೋಕಾಗಲ್ಲ ಅವನ ಕೈಲಿ. ಆ ಮಾತು ಮಾತ್ರ ಸಲೀಸಾಗಿ ಬಂತು.

ಇಲ್ಲಿದೆ. ಕತ್ತಲ್ಲಿ ಹಾಕ್ಕೊಂಡಿದೀನಿ. ಸ್ನಾನಕ್ಕೂ ತೆಗೆದಿಲ್ಲ. ನೀನು ಇಟ್ಕೋ. ಇಟ್ಕೋ, ದಮ್ಮಯ್ಯ! ಸಾಯಂಕಾಲ ನಿನ್ನ ಟ್ರಕ್ ತಗೊಂಡು ಬಂದು ಆ ಬೀರುವಲ್ಲಿ ಇರೋದನ್ನೆಲ್ಲ ಎತ್ಕೊಂಡು ಹೋಗು. ಹೆದರಿಕೆ ಆಗತ್ತೆ ಕಣೋ. ರಾತ್ರಿ ಅವನ ಉಸಿರು ಕೇಳ್ತಾ ಕೂತಿರ್ತೀನಿ, ಹಗಲು ಅವನ ಕಣ್ಣು ಯಾವ ಕಡೆ ಹೋಗತ್ತೆ ಅಂತ ನೋಡ್ತಿರ್ತೀನಿ. ಹೀಗೇ ಎಷ್ಟು ದಿನ ಕಾಯೋಕಾಗತ್ತೆ ನಂಗೆ?

ಬಿಲ್ಲು ಯಾಕೆ ಅಂತೀಯಾ? ಹಾಸಿಗೆ ಎದುರಿಗೆ ನೇತುಹಾಕೋಣ ಅಂತ. "ಬರೋ ವರ್ಷಕ್ಕೆ" ಅಂತ ಹೇಳೋಕೆ ನಂಗೆ ಬೇರೇನೂ ಸಿಗಲಿಲ್ಲ. ಆದ್ರೆ ಅಳತೆ ತಪ್ಪಿದ್ರೆ ಅವನಿಗೆ ನೋಡಿದ ತಕ್ಷಣ ಗೊತ್ತಾಗತ್ತೆ. ಇದು ನಂಗೆ ತಂದಿದ್ದಲ್ಲ, ಇವಳ ಸಮಾಧಾನಕ್ಕೆ ತಂದಿದ್ದು ಅಂತ. ಅದಕ್ಕೇ ಸರಿಯಾದ ಅಳತೆ ಬೇಕಿತ್ತು. ಅದಕ್ಕೇ...

ರೂಬೆನ್?

ಯಾಕೆ ಹೊರಗೆ ನೋಡ್ತೀಯ? ನಾಯಿ ಅಂದ್ನಲ್ಲ. ನೋಡ್ಬೇಡ... ದಯವಿಟ್ಟು ನೋಡ್ಬೇಡ. ಅವನಿಗೆ ಆಗಲ್ಲ ಯಾರಾದ್ರೂ ನೋಡಿದ್ರೆ.

ಹೌದು. ನಾಯಿ ಬೇಟೆಗಾರರ ಕಿತ್ತಳೆ ಟೋಪಿ ಹಾಕ್ಕೊಳ್ಳಲ್ಲ ಅಂತ ನಂಗೂ ಗೊತ್ತು.

ನಾನು ಬಂದಾಗಲೇ ನೋಡಿದ್ಯಾ? ಅದಕ್ಕೇ ಕಿಟಕಿ ಹತ್ರ ನಿಂತಿದ್ದಾ ನೀನು, ಇಷ್ಟು ಹೊತ್ತೂ? ಮನೇಲಿ ಒಬ್ಬನನ್ನೇ ಬಿಟ್ಟು ಹೇಗೆ ಬರ್ಲಿ ಹೇಳು! ಕಾಳು ತರೋಕೆ ಹೋಗೋಣ ಅಂತ ಸುಳ್ಳು ಹೇಳಿ ಹತ್ತಿಸ್ಕೊಂಡು ಬಂದೆ. ನಿನ್ನ ಬೋರ್ಡು ಕಂಡ ತಕ್ಷಣ ಟೋಪಿ ಕಣ್ಣ ಮೇಲೆ ಎಳ್ಕೊಂಡ.

ಏನು ಹುಡುಕ್ತಿದೀಯ ಡ್ರಾಯರಲ್ಲಿ? ... ಚರ್ಮದ ಪಟ್ಟಿನಾ? ಹೆದೆಗೆ ಯಾಕೆ ಕಟ್ತೀಯ ಅದನ್ನ... ಏ, ಬಾಯಿಗೆ ಯಾಕೆ ಹಾಕ್ಕೊಂಡೆ! ಹಲ್ಲು ಉದುರತ್ತೆ ಮುದುಕಾ! ರೂಬೆನ್... ಬರ್ತಿದೆ. ಹೆದೆ ಬರ್ತಿದೆ. ಒಂದು ಕೈಯಲ್ಲಿ ಬಿಲ್ಲು ದೂಡ್ಕೊಂಡು, ಹಲ್ಲಲ್ಲಿ... ಆ ನೆಲ್ಸ್ ಹೀಗೇನಾ ಮಾಡ್ತಿದ್ದಿದ್ದು?

ಎಡಗೈ ಇದ್ದರೆ ಸಾಕಾ? ಅದೊಂದನ್ನೇ ಅಳೆದ್ರೆ ಸಾಕಾ? ನಿಜ ಹೇಳು. ನನ್ನ ಸಮಾಧಾನಕ್ಕೆ ಹೇಳ್ಬೇಡ, ನಿಜ ಹೇಳು!

ಎಲ್ಲಿಗೆ ಹೊರಟೆ? ಟೇಪು ತಗೊಂಡು... ಬೇಡ ರೂಬೆನ್! ಅವನು ನಿನ್ನ ಮುಖ ನೋಡಲ್ಲ. ಅವಮಾನ ಆಗತ್ತೆ ಅವನಿಗೆ, ಮನೆಗೆ ಹೋದ ಮೇಲೆ ನಂಗೆ ಇನ್ನೂ... ನಿಲ್ಲೋ! ಕೋಟಾದ್ರೂ ಹಾಕ್ಕೋ!

ನಾನು ಬರಲ್ಲ. ಈ ಬಾಗಿಲಲ್ಲೇ ಇರ್ತೀನಿ.

ನೋಡಿದ್ಯಾ, ಮುಖ ತಿರುಗಿಸ್ದ. ನಾನು ಹೇಳ್ಲಿಲ್ವಾ! ನನ್ನ ಸೀಟಲ್ಲಿ ಯಾಕೆ ಕೂತೆ? ಏನು ಹೇಳ್ತಿದೀಯ ಅವನ ಹತ್ರ... ಏನೂ ಹೇಳ್ತಿಲ್ಲ. ಟೇಪು ಹಿಡ್ಕೊಂಡು ಸುಮ್ಮನೆ ಕೂತಿದೀಯ. ಬಂದ್ಬಿಡು ರೂಬೆನ್. ಸಾಕು. ಬಂದ್ಬಿಡು ಈಚೆಗೆ.

ದೇವರೇ. ಟೋಪಿ ಮೇಲಕ್ಕೆ ಹೋಯ್ತು.

ಎಡಗೈ... ಎತ್ತಿದ. ಸ್ಟೀರಿಂಗ್ ಮೇಲಿಂದ ಚಾಚ್ತಿದಾನೆ. ಬಿಡ್ಬೇಡ, ಹಿಡ್ಕೋ ಅದನ್ನ... ಅಯ್ಯಯ್ಯೋ, ನೋಡೋ ಅವನನ್ನ! ನೋಡಿದ್ಯಾ? ಎದೆ ಉಬ್ಬಿಸ್ತಿದಾನೆ! ರೂಬೆನ್, ಮೋಸ ಮಾಡ್ತಿದಾನೆ ಅವನು, ಎದೆ ಉಬ್ಬಿಸ್ತಿದಾನೆ, ತಿವಿ ಪಕ್ಕೆಗೆ! ತಿವಿ...

ಬೇಡ. ತಿವೀಬೇಡ ಕಣೋ. ಎಷ್ಟು ಬರತ್ತೋ ಅಷ್ಟೂ ಬರ್ಕೋ.