ತವರಿನ ಹೊಳೆ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಸೊಂಟ ಹಿಡಿದುಕೊಂಡು ಹೆಂಡತಿಯ ಮಾತು ಕೇಳುತ್ತಿದ್ದರು.

“ಬೀದಿ ನಲ್ಲಿಯಿಂದ ಮಹಡಿಗೆ ಕೊಡ ಹೊತ್ತಿದ್ದು ಸಾಕು. ಸೋಮವಾರದಿಂದ ನನ್ನ ತವರಿನ ಹೊಳೆ ನೀರನ್ನೂ ಸಿಟಿಗೆ ಬಿಡ್ತಾರೆ. ಇನ್ಮೇಲೆ ದಿನಾ ಮನೆ ನಲ್ಲೀಲೇ ಬರುತ್ತೆ.”

“ತವರಿನ ನೀರು ಅಂತ ಕುಣೀಬೇಡ. ಇಲ್ಲಿನ ಹೊಳೆ ನೀರಿನ ಜೊತೆ ಬೆರೆಸಿ ಬಿಡ್ತಾರಂತೆ.”

“ಬೆರೆಸಲಿ ಬಿಡಿ. ನಾನು ನಿಮ್ಮನೇಲಿ ಬೆರೀಲಿಲ್ವಾ?”

“ಬೆರೆತೆ, ಬೆರೆತೆ. ಆಮೇಲೆ ಅಡುಗೇಲಿ ನಮ್ಮಮ್ಮನ ರುಚಿ ಎಲ್ಲಿ ಉಳೀತು?”

“ಅದಕ್ಕೇನಾ ಎರಡೆರಡು ಸಲ ಬಡಿಸ್ಕೊಳ್ಳೋದು?”

ನರ್ಸ್ ಕರೆದರು. ಅವರು ಹೆಂಡತಿಯ ಹೆಗಲಿಗೆ ಕೈಯೂರಿ ಮೆಲ್ಲಗೆ ಎದ್ದರು.

“ಸೋಮವಾರ ಮೊದಲನೇ ಲೋಟ ನಂಗೇ ಕೊಡು. ಆ ಊರಿನ ಅಳಿಯ ಕಣೇ ನಾನು,” ಎನ್ನುತ್ತಾ ಒಳಗೆ ಹೋದರು.